ವ್ಯೂಹಕ್ರೀಡೆಯಲ್ಲಿ ಪಾತ್ರವರ್ಗಗಳ ನಿರ್ಮಾಣ

೧. ವಿಷಯನಿರ್ದೇಶ

ಹಲಗೆಯ ಮೇಲಾಗಲಿ ಗಣಕಯಂತ್ರದ ತೆರೆಯ ಮೇಲಾಗಲಿ, ಸಣ್ಣದೊಂದು ಪಡೆಯನ್ನು ಕಟ್ಟಿ, ಮನೆಯಿಂದ ಮನೆಗೆ ಅದನ್ನು ನಡೆಯಿಸಿ, ಎದುರಾಳಿಯ ಪಡೆಯನ್ನು ಗೆಲ್ಲತಕ್ಕ ಆಟಗಳನ್ನು ಈ ಲೇಖನದಲ್ಲಿ ವ್ಯೂಹಕ್ರೀಡೆಗಳೆಂದು ಕರೆದಿದೆ. ನಮ್ಮ ಚತುರಂಗವು ಇವುಗಳಲ್ಲಿ ಹಿರಿಯದು. ಈಚಿನ ಅರ್ಧ ಶತಮಾನದಲ್ಲಿ ಈ ಜಾತಿಯ ಆಟಗಳು ಹೊಸದೊಂದು ಅಂಶವನ್ನು ಕೂಡಿಸಿಕೊಂಡು ಬಹಳವಾಗಿ ಬೆಳೆದಿವೆ. ಅದು ಯಾವುದೆಂದರೆ, ಪಡೆಯ ಒಬ್ಬೊಬ್ಬ ಆಳಿಗೂ ಹೆಸರು, ಸ್ವಭಾವ, ಕಲಿಕೆ, ಏಳಿಗೆಗಳು ಇರುವುದು. ಇಂತಹ ಆಳನ್ನು ಪಾತ್ರವೆಂದೂ, ಆ ಪಾತ್ರವು ಯಾವ ಬಗೆಯದೆಂಬುದನ್ನು ಗೊತ್ತುಮಾಡುವ ವಿಂಗಡಣೆಯನ್ನು ಪಾತ್ರವರ್ಗವೆಂದೂ ಕರೆಯಬಹುದು. ಆಡುವವರು ಇದಕ್ಕೆ ‘ಕ್ಲಾಸ್’ ಎನ್ನುತ್ತಾರೆ. ಕತ್ತಿಯಾಳು, ಬಿಲ್ಲಾಳು, ಮಾಂತ್ರಿಕ, ವೈದ್ಯ ಎಂಬಿವು ಇದಕ್ಕೆ ಉದಾಹರಣೆಗಳು.

ಆಟದೊಡನೆ ಬಂದ ವರ್ಗಗಳಿಂದ ತೃಪ್ತರಾಗದೆ ತಾವೇ ಹೊಸ ವರ್ಗಗಳನ್ನು ಕಲ್ಪಿಸಿ ಸೇರಿಸುವ ಅಭ್ಯಾಸವೂ ಆಡುವವರಲ್ಲಿ ಹರಡಿದೆ. ಇದು ಬಾಲಕರ ವಿನೋದವೆಂದು ಪಂಡಿತರು ಉಪೇಕ್ಷಿಸುವಂತಿಲ್ಲ. ಏಕೆಂದರೆ ವರ್ಗವನ್ನು ಕಲ್ಪಿಸುವುದೆಂದರೆ ಒಂದು ಲಕ್ಷಣವನ್ನು ಹೇಳುವುದು, ಒಂದು ಹೆಸರನ್ನು ಇಡುವುದು, ಮನುಷ್ಯರನ್ನು ಬಗೆಬಗೆಯಾಗಿ ವಿಂಗಡಿಸುವುದು. ಮೊದಲಿನ ಎರಡು ಕೆಲಸಗಳು ಸಾಹಿತ್ಯಶಾಸ್ತ್ರಕ್ಕೂ ವ್ಯಾಕರಣಕ್ಕೂ ಸೇರಿದವು. ಮೂರನೆಯದು ನಮ್ಮ ದೇಶದಲ್ಲಿ ಎಂದೂ ನಿರಪಾಯವಾದ ಕೆಲಸವಾಗಿಲ್ಲ. ಕನ್ನಡದಲ್ಲಿ ಹೊಸ ವರ್ಗಗಳನ್ನು ಕಟ್ಟುವವರು ಯಾವ ತತ್ತ್ವವನ್ನು ಹಿಡಿಯಬೇಕು, ಹೆಸರುಗಳನ್ನು ಎಲ್ಲಿಂದ ತರಬೇಕು, ಏನನ್ನು ಬಿಡಬೇಕು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ನಿದರ್ಶನಕ್ಕಾಗಿ ಕಲಬುರಗಿ ನಗರವನ್ನೂ ಅದರ ಈಶಾನ್ಯದಲ್ಲಿರುವ ಕಮಲಾಪುರವನ್ನೂ ಆರಿಸಿಕೊಂಡಿದೆ. ಕಮಲಾಪುರದ ಮೇಲೆ ಹಾದು ಹುಮನಾಬಾದಿನತ್ತ ಹೋಗುವ ದಾರಿಯೇ ಮುಂದೆ ಕಲ್ಯಾಣಕ್ಕೂ, ಎಂದರೆ ಇಂದಿನ ಬಸವಕಲ್ಯಾಣಕ್ಕೂ, ನಮ್ಮನ್ನು ಒಯ್ಯುತ್ತದೆ. ನಮ್ಮ ವಿಚಾರಕ್ಕೆ ಬೇಕಾದ ಎರಡು ಮುಖ್ಯ ಆಧಾರಗಳು ಆ ಊರಿನವು.

೨. ಕಾವ್ಯದ ವರ್ಗವೂ ಆಟದ ವರ್ಗವೂ

ಪಾತ್ರಗಳನ್ನು ವರ್ಗೀಕರಿಸುವುದು ನಮ್ಮ ಲಾಕ್ಷಣಿಕರಿಗೆ ಹೊಸದಲ್ಲ. ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಪ್ರಶಾಂತ ಎಂಬ ನಾಲ್ಕು ಬಗೆಯ ನಾಯಕರನ್ನು ಸಾಹಿತ್ಯವನ್ನು ಬೋಧಿಸುವವರೆಲ್ಲರೂ ಬಲ್ಲರು. ಆದರೆ ಈ ವಿಭಾಗಕ್ಕೂ ಆಟದ ವಿಭಾಗಕ್ಕೂ ಒಂದು ಮುಖ್ಯ ಭೇದವಿದೆ. ಧೀರೋದಾತ್ತನೆಂಬ ಮಾತು ನಾಯಕನು ಎಂಥವನೆಂಬುದನ್ನು ತಿಳಿಸುತ್ತದೆ. ಅವನು ಒಂದು ಗಳಿಗೆಯಲ್ಲಿ ಎಷ್ಟು ದೂರ ನಡೆಯಬಲ್ಲನು, ಯಾರನ್ನು ಹೊಡೆಯಬಲ್ಲನು, ಏನನ್ನು ಮಾಡಲಾರನು ಎಂಬುದನ್ನು ತಿಳಿಸುವುದಿಲ್ಲ. ಆಟದ ವರ್ಗವಾದರೋ ಇಷ್ಟನ್ನೇ ತಿಳಿಸುವುದು. ಕಾವ್ಯದ ವರ್ಗವು ವರ್ಣನೆ, ಆಟದ ವರ್ಗವು ಅಪ್ಪಣೆ.

ಈ ಎರಡಕ್ಕೂ ನಡುವೆ ನಿಲ್ಲುವ ಉದಾಹರಣೆಯೊಂದನ್ನು ಕಲಬುರಗಿಯ ಕಡೆಯ ದೊಡ್ಡಾಟದಿಂದ ಕೊಡಬಹುದು. ದೊಡ್ಡಾಟದಲ್ಲಿ ರಾಜನಿಗೆ ಭುಜಕೀರ್ತಿ ಕಿರೀಟಗಳಿವೆ, ರಕ್ಕಸನಿಗೆ ಆರ್ಭಟವಿದೆ. ಇವೆಲ್ಲ ವೇಷದಿಂದಲೇ ಗುರುತಾಗುವ ಪಾತ್ರಗಳು. ಸಾರಥಿಯ ಮಾತು ಬೇರೆ. ಅವನು ಯುದ್ಧ ಮಾಡುವವನಲ್ಲ, ಕಥೆಯ ನಾಯಕನೂ ಅಲ್ಲ. ಆದರೂ ರಂಗಕ್ಕೆ ಬಂದ ಪಾತ್ರವನ್ನು ನೀನು ಯಾರೆಂದು ಕೇಳಿ ಅದರ ವೃತ್ತಾಂತವನ್ನು ಹೊರಡಿಸುವ ಅಧಿಕಾರವು ಅವನದು. ಸಾರಥಿಯು ಏನು ಮಾಡುತ್ತಾನೆಂಬುದರಿಂದಲೇ ಸಾರಥಿಯಾಗಿದ್ದಾನೆ. ಆಟದ ವರ್ಗವನ್ನು ಕಲ್ಪಿಸುವವನು ರಾಜವೇಷಕ್ಕಿಂತ ಹೆಚ್ಚಾಗಿ ಈ ಸಾರಥಿಯನ್ನು ಮಾದರಿಯಾಗಿ ಇಟ್ಟುಕೊಳ್ಳುವುದು ಲೇಸು. ವೇಷವನ್ನು ಮಾತ್ರ ಬದಲಾಯಿಸಿ, ಹಳೆಯ ಕತ್ತಿಯಾಳಿಗೇ ಹೊಸ ಬಣ್ಣ ಬಳಿದು, ಹೊಸ ವರ್ಗವೆಂದು ಕರೆಯುವುದು ಈ ಕಲೆಯಲ್ಲಿ ಸಾಮಾನ್ಯವಾಗಿ ಕಾಣುವ ದೋಷ.

೩. ಚತುರಂಗದ ಸಾಕ್ಷ್ಯ

ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೩೦ರ ಸುಮಾರಿನಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸವು ಪ್ರಸಿದ್ಧವಾದುದೇ ಸರಿ. ಇದಕ್ಕೆ ಅಭಿಲಷಿತಾರ್ಥಚಿಂತಾಮಣಿ ಎಂಬ ಹೆಸರೂ ಉಂಟು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ಹಂಚಿರುವ ಈ ಗ್ರಂಥದ ಕೊನೆಯ ವಿಂಶತಿಯು ಕ್ರೀಡೆಗಳಿಗೆ ಮೀಸಲಾದುದು. ಚತುರಂಗ, ಪಗಡೆ ಮೊದಲಾದವು ಅಲ್ಲಿ ಬರುತ್ತವೆ. ರಾಜ್ಯವನ್ನು ಪಡೆಯುವ ಮತ್ತು ಉಳಿಸಿಕೊಳ್ಳುವ ಉಪಾಯಗಳಿಂದ ಆರಂಭವಾಗುವ ಗ್ರಂಥವೊಂದು ಆಟದ ನಿಯಮಗಳನ್ನೂ ಶಾಸ್ತ್ರವಾಗಿ ಎಣಿಸಿ ಬರೆದಿದೆಯೆಂಬ ಅಂಶವೇ ಗಮನಾರ್ಹ. ಆಟವನ್ನು ಲಕ್ಷಣಗ್ರಂಥದ ವಿಷಯವಾಗಿ ಸ್ವೀಕರಿಸುವುದಕ್ಕೆ ಇಂದಿನ ನಾವು ಸಂಕೋಚಪಡಬೇಕಾದ ಕಾರಣವಿಲ್ಲ.

ಸೋಮೇಶ್ವರನಿಗಿಂತ ಸುಮಾರು ನೂರು ವರ್ಷ ಹಿಂದೆ, ಕ್ರಿ. ಶ. ೧೦೩೦ರ ಸುಮಾರಿನಲ್ಲಿ, ಅಲ್ ಬೀರೂನಿಯು ಹಿಂದೂ ದೇಶದ ಚತುರಂಗವನ್ನು ಕುರಿತು ಬರೆಯುತ್ತ ಆನೆಯ ನಡೆಯ ವಿಷಯದಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಹೇಳಿದ್ದಾನೆ. ಆ ಆನೆಯು ಮುಂದಕ್ಕೆ ಒಂದು ಮನೆಯನ್ನೂ, ನಾಲ್ಕು ಮೂಲೆಗಳ ಕಡೆಗೆ ಒಂದೊಂದು ಮನೆಯನ್ನೂ ನಡೆಯುತ್ತದೆ. ಹೀಗೇಕೆಂದರೆ, ಮುಂದಿನ ಮನೆಯು ಅದರ ಸೊಂಡಿಲು, ಮೂಲೆಯ ನಾಲ್ಕು ಮನೆಗಳು ಅದರ ನಾಲ್ಕು ಕಾಲುಗಳು. ಕಾಯಿಯ ನಡೆಯು ಪ್ರಾಣಿಯ ಅಂಗರಚನೆಯಿಂದಲೇ ಹುಟ್ಟಿಬಂದಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯದು. ಒಮ್ಮೆ ಕೇಳಿದವನು ಈ ನಡೆಯನ್ನು ಮರೆಯಲಾರನು. ಆದಕಾರಣ ಮೊದಲನೆಯ ಸೂತ್ರವನ್ನು ಹೀಗೆ ಹೇಳಬಹುದು: ವರ್ಗದ ಶಕ್ತಿಯು ಅದರ ಸ್ವರೂಪದಿಂದ ಹೊರಡಬೇಕು, ಹೊರಗಿನಿಂದ ಅಂಟಿಸಿದಂತೆ ಇರಬಾರದು.

ಎರಡನೆಯ ಸೂತ್ರವನ್ನು ಮಂತ್ರಿಯ ಚರಿತ್ರೆಯಿಂದ ತಿಳಿಯಬಹುದು. ನಮ್ಮಲ್ಲಿಯೂ ಪಾರಸಿಕ ಅರಬರಲ್ಲಿಯೂ ಮಂತ್ರಿಯು ಮೂಲೆಯ ಕಡೆಗೆ ಒಂದೇ ಮನೆ ನಡೆಯುವ ದುರ್ಬಲನಾಗಿದ್ದನು. ೧೫ನೆಯ ಶತಮಾನದ ಕೊನೆಯ ಭಾಗದಲ್ಲಿ ಯೂರೋಪಿನವರು ಅದೇ ಕಾಯಿಗೆ ಎಂಟು ದಿಕ್ಕಿಗೂ ಅಡ್ಡಿಯಿಲ್ಲದೆ ಸಾಗುವ ಬಲವನ್ನು ಕೊಟ್ಟರು. ಒಂಟೆಯ ಸ್ಥಾನದಲ್ಲಿದ್ದ ಕಾಯಿಗೂ ನೀಳವಾದ ಓಟವನ್ನು ಕೊಟ್ಟರು. ಹಲಗೆ ಅದೇ, ಕಾಯಿಗಳ ಸಂಖ್ಯೆ ಅದೇ. ಆದರೂ ಆಟವೇ ಬೇರೆಯಾಯಿತು. ಮೆಲ್ಲಗೆ ಹತ್ತಿರ ಸರಿಯುತ್ತಿದ್ದ ಕದನವು ಕೆಲವೇ ನಡೆಗಳಲ್ಲಿ ಮುಗಿಯಬಲ್ಲ ಕದನವಾಯಿತು. ಒಂದು ವರ್ಗವನ್ನು ಮುಟ್ಟುವವನು ಉಳಿದೆಲ್ಲ ವರ್ಗಗಳನ್ನೂ ಮುಟ್ಟುತ್ತಾನೆ. ಆದುದರಿಂದ ಹೊಸ ವರ್ಗದ ಮಿತಿಯನ್ನು ಅದರ ಶಕ್ತಿಗಿಂತ ಮೊದಲೇ ಗೊತ್ತುಮಾಡಿಕೊಳ್ಳುವುದು ವಿಹಿತ.

ಮೂರನೆಯದು ತೈಮೂರನ ಹೆಸರಿನಿಂದ ಪ್ರಸಿದ್ಧವಾಗಿರುವ ದೊಡ್ಡ ಚತುರಂಗದಿಂದ ದೊರೆಯುತ್ತದೆ. ತೈಮೂರನು ೧೪೦೫ರಲ್ಲಿ ಮೃತನಾದನು; ಆಗ ಕಲಬುರಗಿಯಲ್ಲಿ ಬಹಮನಿ ಸುಲ್ತಾನ ಫಿರೋಜ್ ಷಹನು (೧೩೯೭–೧೪೨೨) ಆಳುತ್ತಿದ್ದನು. ಆ ಆಟದ ಹಲಗೆಯಲ್ಲಿ ಹತ್ತು ಸಾಲು, ಸಾಲಿಗೆ ಹನ್ನೊಂದರಂತೆ ೧೧೦ ಮನೆಗಳೂ, ಪಕ್ಕಕ್ಕೆ ಚಾಚಿದ ಎರಡು ಕೋಟೆಮನೆಗಳೂ ಇದ್ದುವು. ಜಿರಾಫೆ, ಒಂಟೆ, ಕೋಟೆ ಮುರಿಯುವ ಯಂತ್ರ ಮೊದಲಾದ ಹೊಸ ಕಾಯಿಗಳು ಅದರಲ್ಲಿ ಸೇರಿದ್ದುವು. ಇದಕ್ಕಿಂತಲೂ ವಿಶೇಷವೇನೆಂದರೆ, ಕಾಲಾಳುಗಳೆಲ್ಲ ಒಂದೇ ತೆರನಾಗಿರಲಿಲ್ಲ. ಜಿರಾಫೆಗೆ ಸೇರಿದ ಕಾಲಾಳು ಒಬ್ಬನು, ಒಂಟೆಗೆ ಸೇರಿದವನು ಇನ್ನೊಬ್ಬನು. ಕೊನೆಯ ಸಾಲನ್ನು ಮುಟ್ಟಿದಾಗ ಅವನು ತಾನು ಸೇರಿದ ಆ ಕಾಯಿಯೇ ಆಗುತ್ತಿದ್ದನು. ಪಾತ್ರವು ನಡೆದು, ಬೆಳೆದು, ಬೇರೊಂದು ವರ್ಗಕ್ಕೆ ಏರುವ ಕಲ್ಪನೆಯನ್ನು ಇಂದಿನ ಆಟಗಳ ಹೊಸತನವೆಂದು ಹೇಳುವವರು ಇದನ್ನು ನೆನೆಯಬೇಕು. ಆದರೆ ಇಲ್ಲಿಯೂ ಒಂದು ಕೊರತೆಯುಂಟು: ಒಂಟೆಯ ಕಾಲಾಳು ಒಂಟೆಯೇ ಆಗಬೇಕು, ಮತ್ತೊಂದಾಗಲಾರನು. ಹುಟ್ಟಿದ ಮನೆಯೇ ಅವನ ಮುಂದಿನ ಗತಿಯನ್ನು ಗೊತ್ತುಮಾಡಿದೆ.

೪. ಎಲೆಯಾಟದ ಸಾಕ್ಷ್ಯ

ಅಬುಲ್ ಫಜಲನು ಐನೆ ಅಕ್ಬರಿಯಲ್ಲಿ ಗಂಜೀಫಾ ಎಂಬ ಎಲೆಯಾಟವನ್ನು ವಿವರಿಸಿದ್ದಾನೆ. ಹಿಂದಿನಿಂದ ಬಂದ ಕ್ರಮದಲ್ಲಿ ಹನ್ನೆರಡು ಪಂಗಡಗಳು, ಒಂದೊಂದಕ್ಕೆ ಹನ್ನೆರಡು ಎಲೆಗಳು, ಒಟ್ಟು ೧೪೪. ಪಂಗಡಗಳ ಹೆಸರುಗಳಲ್ಲಿ ಅಶ್ವಪತಿ, ಗಜಪತಿ, ನರಪತಿ, ಧನಪತಿ ಮೊದಲಾದುವು ಸೇರಿವೆ. ಹಾವುಗಳ ಒಡೆಯನಾದ ಅಹಿಪತಿಯೂ ಇದ್ದಾನೆ. ಕುದುರೆಯ ಬಲವುಳ್ಳ ಅಶ್ವಪತಿಗೆ ದಿಲ್ಲಿಯ ಅರಸನನ್ನೂ, ಆನೆಯ ಬಲವುಳ್ಳ ಗಜಪತಿಗೆ ಒಡ್ಡರ ದೇಶದ, ಎಂದರೆ ಒರಿಸ್ಸದ, ಅರಸನನ್ನೂ, ಕಾಲಾಳಿನ ಬಲವುಳ್ಳ ನರಪತಿಗೆ ಬಿಜಾಪುರದ ಅರಸರನ್ನೂ ಅವನು ದೃಷ್ಟಾಂತವಾಗಿ ಕೊಟ್ಟಿದ್ದಾನೆ. ನಮ್ಮ ಸೀಮೆಯ ಸೈನ್ಯವು ಹೊರಗಿನವರ ಕಣ್ಣಿಗೆ ಹೇಗೆ ಕಾಣಿಸಿತೆಂಬುದಕ್ಕೆ ಎಲೆಯಾಟವೊಂದು ಸಾಕ್ಷಿಯಾಗಿ ನಿಂತಿರುವುದು ವಿಚಿತ್ರವೇ ಸರಿ.

ಅಕ್ಬರನು ಇವುಗಳಲ್ಲಿ ಕೆಲವನ್ನು ಮಾರ್ಪಡಿಸಿದನು. ಅವನ ಧನಪತಿಯ ಪಂಗಡದಲ್ಲಿ ಹಣವನ್ನು ಹಂಚುವ ಅರಸನೂ, ಬೊಕ್ಕಸವನ್ನು ಪರೀಕ್ಷಿಸುವ ಮಂತ್ರಿಯೂ ಇದ್ದು, ಉಳಿದ ಹತ್ತು ಎಲೆಗಳಲ್ಲಿ ಬೊಕ್ಕಸ ಟಂಕಸಾಲೆಗಳ ಕೆಲಸಗಾರರು, ಲೋಹ ಕರಗಿಸುವವನು, ತೂಗುವವನು, ಮುದ್ರೆಯೊತ್ತುವವನು ಎಂಬಂತೆ, ಬೇರೆಬೇರೆಯಾಗಿ ಚಿತ್ರಿತರಾಗಿದ್ದಾರೆ. ಹಳೆಯ ಎಲೆಯಲ್ಲಿ ಒಂದು ಕುದುರೆ, ಎರಡು ಕುದುರೆ ಎಂಬ ಎಣಿಕೆ ಮಾತ್ರ ಇತ್ತು. ಇಲ್ಲಿ ಎಣಿಕೆಯ ಜಾಗಕ್ಕೆ ಕೆಲಸವು ಬಂದಿತು. ಒಂದೇ ಬೊಕ್ಕಸವು ನಡೆಯಬೇಕಾದರೆ ಎಷ್ಟು ಕೈಗಳು ಬೇಕು, ಒಂದು ಕೈ ಇನ್ನೊಂದನ್ನು ಹೇಗೆ ಆಶ್ರಯಿಸುತ್ತದೆ ಎಂಬುದು ಎಲೆಗಳಲ್ಲಿಯೇ ತೋರಿಬಂದಿತು.

ಕರ್ನಾಟಕದಲ್ಲಿ ಈ ಕಲೆಯನ್ನು ಅತ್ಯಂತ ವಿಸ್ತಾರವಾಗಿ ಬೆಳೆಯಿಸಿದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮). ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳ ವಿವರಣೆಯಿದೆ. ಎಲೆಗಳಿಗೆ ಅಲ್ಲಿ ಛದವೆಂದು ಹೆಸರು. ನವಗ್ರಹ ಛದ, ಚಾಮುಂಡೇಶ್ವರೀ ಛದ ಎಂಬಂತೆ ಹತ್ತಕ್ಕೂ ಮೀರಿದ ಆಟಗಳನ್ನು ಅವರು ಕಲ್ಪಿಸಿದರು. ಕೆಲವು ಕಟ್ಟುಗಳಲ್ಲಿ ಎಲೆಗಳ ಸಂಖ್ಯೆಯು ೩೬೦ರ ವರೆಗೆ ಏರುತ್ತದೆ. ಒಂದು ಪಂಗಡಕ್ಕೆ ಅರಸ ಮಂತ್ರಿ ಇಬ್ಬರೇ ಎಂಬ ಹಳೆಯ ಕ್ರಮವನ್ನು ಮೀರಿ ಆರಾರು ಚಿತ್ರದೆಲೆಗಳನ್ನೂ ಅವರು ಇಟ್ಟರು. ಕಲ್ಪನಾಶಕ್ತಿಯಲ್ಲಿ ಇವಕ್ಕೆ ಸಾಟಿಯಿಲ್ಲ. ಆದರೆ ಇಷ್ಟು ತೊಡಕಾದ ಆಟಗಳು ಅರಮನೆಯಿಂದ ಊರಿಗೆ ಇಳಿದು ಹರಡಲಿಲ್ಲವೆಂಬುದನ್ನೂ ಹೇಳಬೇಕು. ವರ್ಗಗಳು ಹೆಚ್ಚಿದಷ್ಟೂ ಆಟವು ಹಿರಿದಾಗುವುದೆಂಬ ನಂಬಿಕೆಗೆ ಇದು ತಕ್ಕ ಉತ್ತರ. ಆಡುವವನ ನೆನಪಿನಲ್ಲಿ ನಿಲ್ಲದ ವರ್ಗವು ಇದ್ದರೂ ಇಲ್ಲದಂತೆಯೇ.

೫. ಈಚಿನ ಆಟಗಳಲ್ಲಿ ಜನ್ಮವೂ ಉದ್ಯೋಗವೂ

ಯೂರೋಪಿನಲ್ಲಿ ೧೭೮೦ರಲ್ಲಿ ಹೆಲ್ವಿಗ್ ಎಂಬಾತನು ಚತುರಂಗದ ಹಲಗೆಯನ್ನು ಹಿರಿದಾಗಿಸಿ, ಮನೆಗಳಿಗೆ ಬೆಟ್ಟ, ನೀರು, ಜವುಗು ಎಂಬ ಭೇದಗಳನ್ನು ಕಲ್ಪಿಸಿದನು. ೧೮೨೪ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸನ ಯುದ್ಧಕ್ರೀಡೆಯು ಅಲ್ಲಿಯ ಸೇನೆಯ ಶಿಕ್ಷಣದಲ್ಲಿ ಸ್ಥಾನ ಪಡೆಯಿತು. ಈ ಪರಂಪರೆಯಿಂದಲೇ ಅಮೆರಿಕದಲ್ಲಿ ೧೯೭೪ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಅದರಲ್ಲಿ ಮೊದಲು ಇದ್ದ ವರ್ಗಗಳು ಮೂರೇ: ಕಾದುವವನು, ಮಂತ್ರಗಾರ, ಅರ್ಚಕ. ಮರುವರ್ಷ ಕಳ್ಳನು ಬಂದು ಸೇರಿದನು.

ನಮ್ಮ ವಿಚಾರಕ್ಕೆ ಮುಖ್ಯವಾದುದು ಈ ಆಟದ ಮುಂದಿನ ಚರಿತ್ರೆ. ಅದರಲ್ಲಿ ವರ್ಗದ ಜೊತೆಗೆ ಕುಲವೆಂಬ ಇನ್ನೊಂದು ವಿಂಗಡಣೆಯೂ ಇದ್ದಿತು. ಮನುಷ್ಯ, ಕುಳ್ಳ, ಎಲ್ಫ್ ಎಂಬ ಕುಲಗಳಿಗೆ ಹುಟ್ಟಿನಿಂದಲೇ ಬೇರೆಬೇರೆ ಗುಣಗಳೂ ನಿರ್ಬಂಧಗಳೂ ಇದ್ದುವು. ೧೯೮೧ರ ಪ್ರಾಥಮಿಕ ಆವೃತ್ತಿಯಲ್ಲಂತೂ ಮನುಷ್ಯನು ಮಾತ್ರ ವರ್ಗವನ್ನು ಆರಿಸಿಕೊಳ್ಳಬಹುದಾಗಿತ್ತು. ಕುಳ್ಳನಿಗೆ ಕುಳ್ಳನೆಂಬುದೇ ವರ್ಗ. ೨೦೦೦ದ ಮೂರನೆಯ ಆವೃತ್ತಿಯಲ್ಲಿ ಯಾವ ಕುಲದವನು ಯಾವ ವರ್ಗವನ್ನಾದರೂ ಸೇರಬಹುದೆಂದಾಯಿತು. ೨೦೨೪ರ ಪರಿಷ್ಕರಣದಲ್ಲಿ ಕುಲವಾಚಕವಾದ ಹಳೆಯ ಶಬ್ದವನ್ನೇ ಕೈಬಿಟ್ಟರು. ಬಲ ಬುದ್ಧಿಗಳ ಹೆಚ್ಚಳವನ್ನು ಹುಟ್ಟಿನಿಂದ ಬಿಡಿಸಿ, ಪಾತ್ರವು ಹಿಂದೆ ಮಾಡಿದ ಕೆಲಸ ಮತ್ತು ಕಲಿಕೆಗಳಿಗೆ ಹೊಂದಿಸಿದರು. ಐವತ್ತು ವರ್ಷಗಳಲ್ಲಿ ಒಂದು ಆಟವು ಜನ್ಮದಿಂದ ಉದ್ಯೋಗದ ಕಡೆಗೆ ಸರಿದು ಬಂದಿರುವುದು ಇದರಿಂದ ತಿಳಿಯುತ್ತದೆ.

ಜಪಾನಿನ ವ್ಯೂಹಕ್ರೀಡೆಗಳು ಇನ್ನೊಂದು ದಾರಿಯಿಂದ ಇದೇ ಕಡೆಗೆ ಬಂದುವು. ೧೯೯೭ರ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ನಲ್ಲಿ ವರ್ಗಕ್ಕೆ ‘ಜಾಬ್’ ಎಂದೇ ಹೆಸರು, ಎಂದರೆ ಉದ್ಯೋಗ. ಅಲ್ಲಿ ಪಾತ್ರವು ಮೊದಲು ಸಾಮಾನ್ಯವಾದ ಉದ್ಯೋಗದಲ್ಲಿ ಪಳಗಿ, ಅದರಿಂದ ಇನ್ನೊಂದಕ್ಕೆ ಅರ್ಹತೆ ಪಡೆಯುತ್ತದೆ. ಒಂದು ಉದ್ಯೋಗದಲ್ಲಿ ಕಲಿತುದನ್ನು ಮತ್ತೊಂದಕ್ಕೆ ಹೋದಾಗಲೂ ಬಳಸಬಹುದು. ತೈಮೂರನ ಚತುರಂಗದ ಕಾಲಾಳಿಗೆ ಇಲ್ಲದಿದ್ದ ಸ್ವಾತಂತ್ರ್ಯವು ಈ ಪಾತ್ರಕ್ಕೆ ದೊರೆತಿದೆ.

೬. ಕಲ್ಯಾಣದ ಕಾಯಕ

ಉದ್ಯೋಗವೆಂಬ ಈ ತತ್ತ್ವಕ್ಕಾಗಿ ಕನ್ನಡಿಗರು ಜಪಾನಿನವರೆಗೆ ಹೋಗಬೇಕಾದುದಿಲ್ಲ. ಸೋಮೇಶ್ವರನು ೧೧೩೮ರಲ್ಲಿ ತೀರಿಕೊಂಡನು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಕಲ್ಯಾಣದಲ್ಲಿ ಬಸವಣ್ಣನವರೂ ಶರಣರೂ ಕೂಡಿದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ಆಯ್ದಕ್ಕಿ ಲಕ್ಕಮ್ಮ ಎಂಬ ಹೆಸರುಗಳಲ್ಲಿ ಮೊದಲ ಪದವು ಕಾಯಕವನ್ನು ಸೂಚಿಸುವುದು. ದೋಣಿ ನಡೆಸುವುದು, ಬಟ್ಟೆ ಒಗೆಯುವುದು, ಬಿದಿರು ಹೆಣೆಯುವುದು, ಹಗ್ಗ ಹೊಸೆಯುವುದು, ಚೆಲ್ಲಿದ ಅಕ್ಕಿಯನ್ನು ಆಯುವುದು ಇವು ಮನುಷ್ಯನನ್ನು ಗುರುತಿಸುವ ಗೌರವದ ಗುರುತುಗಳಾದುವು. ಒಂದೇ ಊರಿನಿಂದ ಹೊರಟ ಎರಡು ವಿಂಗಡಣೆಗಳು ಹೀಗೆ ನಮ್ಮ ಮುಂದಿವೆ: ಅರಸನು ಮೇಲಿನಿಂದ ನೋಡಿ ಆನೆ, ಕುದುರೆ, ಮಂತ್ರಿ, ಕಾಲಾಳು ಎಂದು ಮಾಡಿದುದು ಒಂದು, ದುಡಿಯುವವರು ತಮ್ಮ ಕೈಯ ಕೆಲಸದಿಂದ ತಮ್ಮನ್ನು ಕರೆದುಕೊಂಡುದು ಇನ್ನೊಂದು. ಮೊದಲನೆಯದರಲ್ಲಿ ಕಾಲಾಳು ಎಣಿಕೆಗೆ ಮಾತ್ರ ಸೇರಿದವನು. ಎರಡನೆಯದರಲ್ಲಿ ಅವನಿಗೆ ಹೆಸರಿದೆ, ಕಸಬಿದೆ, ಮಾತಿದೆ. ಪಾತ್ರಗಳುಳ್ಳ ವ್ಯೂಹಕ್ರೀಡೆಗೆ ಈ ಎರಡೂ ಬೇಕು: ಸೋಮೇಶ್ವರನಿಂದ ಹಲಗೆ, ಶರಣರಿಂದ ಪಾತ್ರದ ಕಲ್ಪನೆ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಪೂಜ್ಯರಾದ ಶರಣರನ್ನಾಗಲಿ, ಕಲಬುರಗಿಯ ಜನರು ಭಕ್ತಿಯಿಂದ ನಡೆದುಕೊಳ್ಳುವ ಸಂತರನ್ನಾಗಲಿ ಹಲಗೆಯ ಮೇಲಿನ ಕಾಯಿಗಳನ್ನಾಗಿ ಮಾಡಿ ಹೊಡೆದಾಡಿಸುವುದು ಸರ್ವಥಾ ಸಲ್ಲದು. ಕಾಯಕವನ್ನು ತೆಗೆದುಕೊಳ್ಳಬಹುದು, ಕಾಯಕಯೋಗಿಯನ್ನು ಅವರ ಸ್ಥಾನದಲ್ಲಿಯೇ ಬಿಡತಕ್ಕದ್ದು. ಎರಡನೆಯದಾಗಿ, ಕಾಯಕದ ಹೆಸರುಗಳು ಹಲವು ಕಡೆ ಮುಂದೆ ಜಾತಿಯ ಹೆಸರುಗಳಾಗಿ ನಿಂತುವು. ಆದಕಾರಣ ಇಂದಿನ ಒಂದು ಸಮುದಾಯದ ಹೆಸರನ್ನೇ ವರ್ಗಕ್ಕೆ ಇಟ್ಟು, ಇವನು ಬಲಶಾಲಿ, ಇವನು ಕಪಟಿ ಎಂದು ಬರೆದರೆ ಆಟವು ನಿಂದೆಯಾಗುತ್ತದೆ. ವರ್ಗವು ಕೆಲಸವನ್ನು ಹೇಳಬೇಕು. ಆ ಕೆಲಸವನ್ನು ಕಲಿಯುವ ಬಾಗಿಲು ಎಲ್ಲ ಪಾತ್ರಗಳಿಗೂ, ಗಂಡಸರಿಗೂ ಹೆಂಗಸರಿಗೂ, ತೆರೆದಿರಬೇಕು.

೭. ಹೆಸರಿಡುವ ಕ್ರಮ

ಹೆಸರುಗಳ ವಿಷಯದಲ್ಲಿ ಕನ್ನಡವು ಬಡವಾದ ಭಾಷೆಯಲ್ಲ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ತದ್ಧಿತಗಳಿಗೆ ಪ್ರತ್ಯೇಕ ಪ್ರಕರಣವೇ ಇದೆ. ಒಂದು ವಸ್ತುವಿನ ಹೆಸರಿಗೆ ಪ್ರತ್ಯಯವನ್ನು ಹಚ್ಚಿ, ಅದರಿಂದ ಬದುಕುವವನ ಹೆಸರನ್ನು ಪಡೆಯುವ ಶಕ್ತಿಯು ನಮ್ಮ ಭಾಷೆಗೆ ಹುಟ್ಟುಗುಣ. ಬಳೆಗಾರ, ಬೇಟೆಗಾರ, ಕಾವಲುಗಾರ ಎಂಬಲ್ಲಿ ‘ಗಾರ’. ಅಂಬಿಗ, ಗಾಣಿಗ, ಹೂವಾಡಿಗ ಎಂಬಲ್ಲಿ ‘ಇಗ’. ಪಡೆವಳ, ಮಡಿವಳ ಎಂಬಲ್ಲಿ ‘ವಳ’. ಸ್ತ್ರೀಲಿಂಗಕ್ಕೆ ಹಾಡುಗಾರ್ತಿ, ಹೂವಾಡಗಿತ್ತಿ, ಸೂಲಗಿತ್ತಿ ಎಂಬ ರೂಪಗಳು ಬಳಕೆಯಲ್ಲಿವೆ. ‘ಕಮಾಂಡರ್’ ಎಂದು ಬರೆಯುವ ಯುವಕನಿಗೆ ಪಡೆವಳನೆಂಬ ಮಾತನ್ನು ಯಾರೂ ಹೇಳಿಕೊಟ್ಟಿಲ್ಲ. ಆ ಹೊಣೆಯು ಸಾಹಿತ್ಯಾಧ್ಯಾಪಕರದು. ಆದರೆ ಹಳಗನ್ನಡವೇ ಆಗಬೇಕೆಂಬ ಹಟವೂ ಬೇಡ. ಬಹಮನಿ ರಾಜ್ಯದ ಕಾಲದಿಂದ ಈ ಸೀಮೆಯ ಕನ್ನಡದಲ್ಲಿ ಪಾರಸೀ ಮೂಲದ ಮಾತುಗಳು ಬೆರೆತಿವೆ. ತೋಪು ಹಾರಿಸುವವನಿಗೆ ಗೋಲಂದಾಜನೆಂದೂ, ಸುದ್ದಿಯನ್ನು ಒಯ್ಯುವವನಿಗೆ ಹರಿಕಾರನೆಂದೂ ಹೇಳುವುದು ಇಲ್ಲಿಗೆ ಒಪ್ಪುವ ಮಾತು.

೮. ನಿದರ್ಶನ: ಕಲಬುರಗಿಯಿಂದ ಕಮಲಾಪುರಕ್ಕೆ

ಈ ತತ್ತ್ವಗಳನ್ನು ಒಂದು ಕಲ್ಪಿತ ಕದನದಲ್ಲಿ ಪರೀಕ್ಷಿಸೋಣ. ಇದು ಚರಿತ್ರೆಯ ಯಾವ ನಿಜವಾದ ಯುದ್ಧವೂ ಅಲ್ಲ. ಹಲಗೆಯ ಒಂದು ತುದಿ ಕಲಬುರಗಿಯ ಕೋಟೆ, ಇನ್ನೊಂದು ತುದಿ ಕಮಲಾಪುರ. ೧೩೪೭ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾದ ಕಲಬುರಗಿಯ ಕೋಟೆಯ ಮೇಲೆ ಇಂದಿಗೂ ಬಹು ಉದ್ದವಾದ ತೋಪೊಂದು ಕಾಣುತ್ತದೆ. ನಗರದ ಸುತ್ತ ಎರೆಭೂಮಿ. ಮಳೆಯಾದರೆ ಕಾಲಿಗೂ ಗಾಲಿಗೂ ಅಂಟಿಕೊಳ್ಳುವ ನೆಲ. ಕಮಲಾಪುರದ ಕಡೆಗೆ ಕೆಂಪು ನೆಲ ಕಾಣಿಸಿಕೊಳ್ಳುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಅಲ್ಲಿಯ ಕೆಂಪು ಬಾಳೆಯು ಎಲ್ಲರಿಗೂ ಪರಿಚಿತವಾದುದು. ಹೀಗೆ ನೆಲವೇ ಎರ್ಡು ಬಗೆಯಾಗಿರುವುದರಿಂದ ವರ್ಗಗಳ ಭೇದಕ್ಕೆ ಆಧಾರವು ತಾನಾಗಿ ದೊರೆಯುತ್ತದೆ.

ಈ ಹಲಗೆಗೆ ಐದು ವರ್ಗಗಳು ಸಾಕು. ಕಾಲಾಳು ಒಂದು ಸರದಿಗೆ ಮೂರು ಮನೆ ನಡೆದು, ಪಕ್ಕದವನನ್ನು ಹೊಡೆಯುವನು. ಕೋಟೆಯ ಕಾವಲುಗಾರನು ಗೋಡೆಯ ಬಳಿ ನಿಂತಾಗ ಅರ್ಧ ಪೆಟ್ಟನ್ನು ಮಾತ್ರ ತಿನ್ನುವನು. ಬಯಲಿಗೆ ಬಂದರೆ ಈ ಲಾಭವಿಲ್ಲ. ಹರಿಕಾರನು ಆರು ಮನೆ ಓಡುವನು, ಹೊಡೆಯಲಾರನು. ಅವನು ಕಂಡ ಶತ್ರುವು ಪಡೆಗೆಲ್ಲ ಕಾಣುವನು. ಗೋಲಂದಾಜನು ದೂರದಿಂದ ಹೊಡೆಯುವನು. ಐದನೆಯವಳು ಮದ್ದುಗಾರ್ತಿ.

ಈ ಕೊನೆಯ ವರ್ಗವು ಭಾಷೆಯಿಂದಲೇ ಹುಟ್ಟಿದುದು. ಕನ್ನಡದಲ್ಲಿ ಮದ್ದು ಎಂದರೆ ರೋಗಕ್ಕೆ ಕೊಡುವ ಔಷಧವೂ ಹೌದು, ತೋಪಿಗೆ ತುಂಬುವ ಪುಡಿಯೂ ಹೌದು. ಮದ್ದುಗಾರ್ತಿಯ ಬಳಿ ನಾಲ್ಕು ಪೊಟ್ಟಣಗಳಿರಲಿ. ಒಂದೊಂದು ಪೊಟ್ಟಣವನ್ನೂ ಗಾಯಗೊಂಡವನಿಗೆ ಕೊಟ್ಟರೆ ಅವನ ಪ್ರಾಣ ನಾಲ್ಕು ಏರುವುದು. ಗೋಲಂದಾಜನಿಗೆ ಕೊಟ್ಟರೆ ಒಂದು ಗುಂಡು ಹಾರಿ ಶತ್ರುವಿನ ಪ್ರಾಣ ನಾಲ್ಕು ಇಳಿಯುವುದು. ಉಳಿಸುವುದೋ ಕೊಲ್ಲುವುದೋ ಎಂಬ ಆಯ್ಕೆಯನ್ನು ಆಡುವವನು ಪ್ರತಿ ಸರದಿಯಲ್ಲಿಯೂ ಎದುರಿಸಬೇಕು. ಇದರಿಂದ ಗೋಲಂದಾಜನ ಬಲವು ಮದ್ದುಗಾರ್ತಿಯ ಕೈಯಲ್ಲಿರುತ್ತದೆ. ಬೊಕ್ಕಸದ ಎಲೆಗಳಲ್ಲಿ ಕಂಡ ಪರಸ್ಪರಾಶ್ರಯವು ಇಲ್ಲಿ ಆಟದ ನಿಯಮವಾಗಿದೆ.

ಇನ್ನು ಗೋಲಂದಾಜನ ಮಿತಿಯನ್ನು ಲೆಕ್ಕದಿಂದ ಗೊತ್ತುಮಾಡಬೇಕು. ಕಾಲಾಳಿನ ಪ್ರಾಣ ೧೦, ಗುಂಡಿನ ಪೆಟ್ಟು ೪ ಎಂದಿಟ್ಟುಕೊಳ್ಳೋಣ. ಕಾಲಾಳು ಗುಂಡಿನ ಅಳತೆಗೆ ಒಂದು ಮನೆ ಹೊರಗೆ ನಿಂತು ಹೊರಡುವನು. ಮೊದಲು ಅವನ ನಡೆ, ಅನಂತರ ಗುಂಡು. ಪಕ್ಕದ ಮನೆಗೆ ಬಂದೊಡನೆ ಅವನು ಹೊಡೆಯುವನು. ಗುಂಡಿನ ಅಳತೆ ೬ ಮನೆಯಾದರೆ, ಕಾಲಾಳು ೭ರಿಂದ ೪ಕ್ಕೆ ಬಂದು ಒಂದು ಗುಂಡನ್ನು ತಿಂದು, ಮರುನಡೆಯಲ್ಲಿಯೇ ಪಕ್ಕಕ್ಕೆ ಬರುವನು. ಅಳತೆ ೯ ಆದರೆ ೧೦ರಿಂದ ೭, ೪, ೧ ಎಂದು ಬರುವನು. ಎರಡು ಗುಂಡು ತಿಂದು ಪ್ರಾಣ ೨ ಉಳಿದಿರುವಾಗ ಹೊಡೆಯುವನು. ಅಳತೆಯನ್ನು ಇನ್ನೊಂದೇ ಮನೆ ಹೆಚ್ಚಿಸಿ ೧೦ ಮಾಡಿದರೆ, ಅವನು ೧೧ರಿಂದ ೮, ೫, ೨ ಎಂದು ಬಂದು ಮೂರನೆಯ ಗುಂಡಿಗೆ ಸಾಯುವನು. ಹೊಡೆಯುವ ಅವಕಾಶವೇ ಅವನಿಗೆ ಬಾರದು. ಒಂಬತ್ತರವರೆಗೆ ಭಯಂಕರನಾಗಿದ್ದ ಗೋಲಂದಾಜನು ಹತ್ತಕ್ಕೆ ಅಜೇಯನಾದನು. ಅಜೇಯವಾದ ವರ್ಗವು ಹಲಗೆಯ ಮೇಲೆ ಬಂದೊಡನೆ ಉಳಿದ ವರ್ಗಗಳಿಗೆ ಕೆಲಸವಿಲ್ಲ.

ಪರಿಹಾರವೆಂದು ಅಳತೆಯನ್ನು ತಗ್ಗಿಸಬಹುದು. ಆದರೆ ಮೊದಲನೆಯ ಸೂತ್ರದಂತೆ, ಮಿತಿಯೂ ಸ್ವರೂಪದಿಂದಲೇ ಬರುವುದು ಉತ್ತಮ. ತೋಪಿಗೆ ಮತ್ತೆ ಮದ್ದು ತುಂಬಲು ಹೊತ್ತು ಹಿಡಿಯುತ್ತದಷ್ಟೆ. ಒಂದು ಸರದಿ ಹಾರಿಸಿದರೆ ಮರುಸರದಿ ತುಂಬಬೇಕೆಂದು ವಿಧಿಸಿದರೆ, ಅಳತೆ ೧೦ ಇದ್ದರೂ ಕಾಲಾಳಿಗೆ ೮ರಲ್ಲಿ ಒಂದು, ೨ರಲ್ಲಿ ಒಂದು, ಹೀಗೆ ಎರಡೇ ಗುಂಡುಗಳು ತಗಲುವುವು. ಪ್ರಾಣ ೨ ಉಳಿದು ಅವನು ಪಕ್ಕಕ್ಕೆ ಬರುವನು. ಮಳೆಯಾದ ಎರೆನೆಲದಲ್ಲಿ ಕಾಲಾಳು ಎರಡೇ ಮನೆ ನಡೆಯುವನೆಂದು ಮಾಡಿದರೆ ೧೧ರಿಂದ ೯, ೭, ೫, ೩, ೧ ಎಂದು ಬರುವನು. ತುಂಬುವ ನಿಯಮವಿದ್ದಾಗಲೂ ೯ರಲ್ಲಿ ಮತ್ತು ೫ರಲ್ಲಿ ಎರಡು ಗುಂಡುಗಳು ಮಾತ್ರ ತಗಲುವುವು. ಅದೇ ನೆಲದಲ್ಲಿ ತೋಪನ್ನು ಎಳೆದು ಸಾಗಿಸುವಂತಿಲ್ಲವೆಂದೂ ಸೇರಿಸಿದರೆ, ಕಲಬುರಗಿಯ ಕಡೆಯವನು ಮಳೆಗೆ ಮುಂಚೆಯೇ ಕೆಂಪು ನೆಲವನ್ನು ಸೇರಬೇಕೆಂಬ ಆತುರವು ಹುಟ್ಟುತ್ತದೆ. ಒಂದು ವರ್ಗದ ಮಿತಿಯಿಂದ ಇಡೀ ಕದನದ ಕಥೆಯು ಹೊರಟಿತು.

ಏಳಿಗೆಯ ಮಾರ್ಗವನ್ನೂ ಹೀಗೆಯೇ ಇಡಬಹುದು. ಕಾಲಾಳು ಮದ್ದುಗಾರನ ಬಳಿ ಎರಡು ಕದನ ಕಳೆದರೆ ಗೋಲಂದಾಜನಾಗಬಹುದು; ಹರಿಕಾರನು ನೆಲವನ್ನು ಬಲ್ಲವನಾದುದರಿಂದ ಪಡೆವಳನಾಗಬಹುದು. ಯಾವ ಪಾತ್ರಕ್ಕೂ ಇಂಥ ಕುಲದವನೇ ಆಗಿರಬೇಕೆಂಬ ಷರತ್ತನ್ನು ಹಾಕತಕ್ಕದ್ದಲ್ಲ.

೯. ಉಪಸಂಹಾರ

ಮೇಲಿನ ವಿಚಾರವನ್ನು ಸಂಗ್ರಹಿಸಿದರೆ, ಹೊಸ ಪಾತ್ರವರ್ಗಕ್ಕೆ ಮೂರು ಅಂಗಗಳು ಅವಶ್ಯವೆಂದು ತೇಲುತ್ತದೆ: ಸ್ವರೂಪದಿಂದ ಹೊರಟ ಶಕ್ತಿ, ಲೆಕ್ಕದಿಂದ ಪರೀಕ್ಷಿಸಿದ ಮಿತಿ, ಇತರ ವರ್ಗಗಳೊಡನೆ ಆಶ್ರಯಸಂಬಂಧ. ಇವುಗಳಲ್ಲಿ ಒಂದನ್ನು ಬಿಟ್ಟರೂ ಅದು ವೇಷ ಮಾತ್ರವಾಗುತ್ತದೆ. ಇವಕ್ಕೆಲ್ಲ ಮೇಲಾಗಿ, ವರ್ಗವು ಹುಟ್ಟಿನ ಮೇಲೆ ನಿಲ್ಲದೆ ಕಾಯಕದ ಮೇಲೆ ನಿಲ್ಲಬೇಕು. ಪರದೇಶದ ಆಟಗಳು ಐವತ್ತು ವರ್ಷ ಆಡಿ ತಿದ್ದಿಕೊಂಡು ಮುಟ್ಟಿದ ಈ ತತ್ತ್ವವು ಎಂಟುನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಬಾಳಿನ ತತ್ತ್ವವಾಗಿ ಸಾರಲ್ಪಟ್ಟಿತು. ಇಂದಿನ ತರುಣರು ಆಟವಾಡುತ್ತಲೇ ಮನುಷ್ಯರನ್ನು ವಿಂಗಡಿಸುವುದನ್ನು ಕಲಿಯುತ್ತಾರೆ. ಯಾವ ವಿಂಗಡಣೆಯನ್ನು ಕಲಿಯುತ್ತಾರೆಂಬುದು ಅಲ್ಪ ವಿಷಯವಲ್ಲ.

ಕಸಬುಗಳ ಹೆಸರುಗಳು, ಉಪಕರಣಗಳ ಹೆಸರುಗಳು, ನೆಲ ನೀರುಗಳ ಬಗೆಗಳನ್ನು ಹೇಳುವ ಮಾತುಗಳು ಕಲಬುರಗಿ ಕಮಲಾಪುರಗಳ ಆಡುನುಡಿಯಲ್ಲಿ ಇನ್ನೂ ಜೀವಂತವಾಗಿವೆ. ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಇವನ್ನು ಸಂಗ್ರಹಿಸಿ, ಒಂದೊಂದು ಕಸಬಿನ ಶಕ್ತಿ, ಮಿತಿ, ಆಶ್ರಯಗಳನ್ನು ಅವರಿಂದಲೇ ಬರೆಯಿಸಿದರೆ, ಅದು ಆಟಕ್ಕೂ ಒದಗುವುದು, ನಿಘಂಟಿಗೂ ಒದಗುವುದು. ಈ ಕಾರ್ಯದ ಯುಕ್ತಾಯುಕ್ತತೆಯನ್ನು ವಿದ್ವಾಂಸರು ಪರಿಶೀಲಿಸಬೇಕೆಂದು ಪ್ರಾರ್ಥನೆ.